ಕೇರಾಫ್ 56 ಎಪಿಓ

(ಗೌರಿಬಿದನೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಉಪನ್ಯಾಸಕ್ಕೆ ‘ಗಡಿ ಕಾಯುವ ಯೋಧನ ರೋಮಾಂಚಕ ಬದುಕು’ ಎಂದು ಹೆಸರಿಟ್ಟಿದ್ದೀರಿ. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ಟ್ಯಾಂಕಿನ ಚಿತ್ರವೂ ಇದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಸೈನ್ಯದಲ್ಲಿ ಗುಮಾಸ್ತನಾಗಿದ್ದವನು. ಆರ್ಮಿ ಸರ್ವಿಸ್ ಕೋರ್ ನನ್ನ ವಿಭಾಗ. ಸೈನ್ಯಕ್ಕೆ ಅಕ್ಕಿ, ಬೇಳೆ, ಡೀಸೆಲ್, ಸೀಮೆಎಣ್ಣೆ ಮುಟ್ಟಿಸುವವರು ನಾವು. ಬಂದೂಕಿನ ತರಬೇತಿ ಎಲ್ಲರಂತೆ ನನಗೂ ಆಗಿದೆ, ರಾತ್ರಿ ಪಹರೆಯನ್ನೂ ಮಾಡಿದ್ದೇನೆ. ಆದರೆ ಸೇವೆಯ ಬಹುಪಾಲು ಕಳೆದದ್ದು ರಜೆ ಅರ್ಜಿ, ಟಪಾಲು, ಸೇವಾ ದಾಖಲೆಗಳ ನಡುವೆ. ರೋಮಾಂಚನ ಬಯಸಿ ಬಂದವರು ಈಗಲೇ ಎದ್ದು ಹೋದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಗುಮಾಸ್ತನಿಗೆ ಒಂದು ಅನುಕೂಲವಿದೆ. ಸೈನಿಕ ಎಷ್ಟು ಚೆನ್ನಾಗಿ ಗುರಿಯಿಡುತ್ತಾನೆ ಎಂಬುದು ಅಧಿಕಾರಿಗೆ ಗೊತ್ತಿರುತ್ತದೆ, ಅವನ ರಕ್ತದೊತ್ತಡ ವೈದ್ಯರಿಗೆ ಗೊತ್ತಿರುತ್ತದೆ. ಅವನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ರಜೆ ಅರ್ಜಿ ಬರೆಯುವವನಿಗೆ ಗೊತ್ತಾಗುತ್ತದೆ. ಅರ್ಜಿಯಲ್ಲಿ ಕಾರಣ ಬರೆಯಲು ಇರುವ ಜಾಗ ಬೆರಳಗಲ. ‘ತಂಗಿಯ ಮದುವೆ’, ‘ತಂದೆಗೆ ಕಣ್ಣಿನ ಆಪರೇಷನ್’, ‘ಜಮೀನಿನ ತಕರಾರು’, ಇಷ್ಟು ಬರೆದರೆ ತುಂಬಿತು. ಆದರೆ ಅದನ್ನು ಬರೆಸಲು ಬಂದವನು ಎದುರಿನ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಮಾತನಾಡುತ್ತಾನೆ. ನಾನು ಇವತ್ತು ಹೇಳುವುದೆಲ್ಲ ಆ ಸ್ಟೂಲಿನ ಮೇಲೆ ಕೂತವರಿಂದ ಕೇಳಿದ್ದು, ಉಳಿದದ್ದು ನನ್ನ ಮನೆಯಲ್ಲೇ ಕಂಡದ್ದು.

ಸೈನ್ಯದಲ್ಲಿ ಕೆಲಸದ ಸ್ಥಳಗಳು ಎರಡು ಬಗೆ, ‘ಪೀಸ್’ ಮತ್ತು ‘ಫೀಲ್ಡ್’. ಬೆಂಗಳೂರು, ಬೆಳಗಾವಿ, ಸಿಕಂದರಾಬಾದಿನಂಥ ದಂಡು ಪ್ರದೇಶಗಳು ಪೀಸ್. ಅಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು. ಗಡಿಗೆ ಹತ್ತಿರದ ಜಾಗಗಳು, ಎತ್ತರದ ಹಿಮ ಪ್ರದೇಶಗಳು ಫೀಲ್ಡ್. ಅಲ್ಲಿಗೆ ಕುಟುಂಬ ಹೋಗುವಂತಿಲ್ಲ. ಒಂದಷ್ಟು ವರ್ಷ ಇದು, ಒಂದಷ್ಟು ವರ್ಷ ಅದು, ಹೀಗೆ ಸರದಿ ನಡೆಯುತ್ತದೆ. ನಾನು ಲೇಹ್ ಕಡೆಯ ಫೀಲ್ಡನ್ನು ಹೆಚ್ಚು ಕಂಡವನಾದ್ದರಿಂದ ಅದರ ಬಗ್ಗೆಯೇ ಹೇಳುತ್ತೇನೆ.

ನಮ್ಮ ನಂದಿ ಬೆಟ್ಟದ ಎತ್ತರ 4,851 ಅಡಿ. ಲೇಹ್ ಪಟ್ಟಣವೇ ಸುಮಾರು 11,500 ಅಡಿಯ ಮೇಲಿದೆ. ಚಂಡೀಗಢದಿಂದ ವಾಯುಪಡೆಯ ವಿಮಾನ ಬೆಳಗಿನ ಹೊತ್ತು ಹೊರಡುತ್ತದೆ. ಹವೆ ಕೆಟ್ಟರೆ ಹೊರಡುವುದಿಲ್ಲ, ಮತ್ತೆ ಟ್ರಾನ್ಸಿಟ್ ಕ್ಯಾಂಪಿಗೆ ಮರಳಿ ಮರುದಿನ ಕಾಯಬೇಕು. ಹೊರಟರೆ ಒಂದು ತಾಸಿನ ಆಸುಪಾಸಿನಲ್ಲಿ ಬಯಲಿನಿಂದ ಎತ್ತಿ ಬೆಟ್ಟದ ಮೇಲೆ ಇಳಿಸಿಬಿಡುತ್ತದೆ. ಅಷ್ಟು ಬೇಗ ದೇಹ ಒಗ್ಗುವುದಿಲ್ಲ. ಅದಕ್ಕೇ ಸೈನ್ಯ ಒಂದು ಕ್ರಮ ಇಟ್ಟಿದೆ. 9,000ದಿಂದ 12,000 ಅಡಿಯವರೆಗೆ ಹೋದವರಿಗೆ ಆರು ದಿನ, ಅದರಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. 12,000 ಅಡಿ ದಾಟಿ 15,000ದವರೆಗೆ ಹೋಗುವವರಿಗೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲಕ್ಕೆ ಮತ್ತೆ ನಾಲ್ಕು ದಿನ. ಮೈಯಲ್ಲಿ ಕಸುವಿದೆ ಎಂದು ಮೊದಲ ದಿನವೇ ಓಡಾಡಿದ ಹುಡುಗರು ಎಂಐ ರೂಮ್, ಅಂದರೆ ಘಟಕದ ಚಿಕಿತ್ಸಾ ಕೊಠಡಿ, ಸೇರಿದ್ದನ್ನು ನೋಡಿದ್ದೇನೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಕೊಟ್ಟು ಆದಷ್ಟು ಬೇಗ ಕೆಳಕ್ಕೆ ಇಳಿಸುವುದೇ ದಾರಿ. ಅಲ್ಲಿ ಗಟ್ಟಿಮುಟ್ಟಾದವನು, ಬಡಕಲು ಮೈಯವನು ಎಂಬ ಭೇದವಿಲ್ಲ.

ಊರಿನಲ್ಲಿ ರಜೆ ಮುಗಿಸಿ ಬಂದವನೂ ಈ ವಿಶ್ರಾಂತಿಯನ್ನು ಮತ್ತೆ ಮಾಡಬೇಕು. ಗಮನಿಸಿ, ಮನೆ ಬಿಟ್ಟು ಬಂದ ಬಿಸಿಯಲ್ಲೇ ಅವನನ್ನು ಮಂಚದ ಮೇಲೆ ಮಲಗಿಸಿ, ಏನೂ ಮಾಡಬೇಡ ಎನ್ನುತ್ತಾರೆ. ನನ್ನ ಅನುಭವದಲ್ಲಿ ಇಡೀ ಫೀಲ್ಡ್ ಅವಧಿಯಲ್ಲಿ ಸೈನಿಕನಿಗೆ ಅತ್ಯಂತ ಕಷ್ಟದ ಹೊತ್ತು ಅದೇ. ಗುಂಡಿನ ಭಯ, ಚಳಿ, ಉಸಿರಾಟದ ತೊಂದರೆ ಇವಕ್ಕಿಂತ ಆ ಎರಡು ದಿನಗಳ ಸೂರು ನೋಡುವ ಕೆಲಸ ಕೆಟ್ಟದ್ದು. ಮೂರನೆಯ ದಿನ ನಿಧಾನವಾಗಿ ನಡೆಯಲು ಬಿಡುತ್ತಾರೆ. ಆಮೇಲೆ ಒಂದೊಂದೇ ಕೆಲಸ ಹಚ್ಚುತ್ತಾರೆ. ಮುಖಕ್ಕೆ ಕಳೆ ಬರುವುದು ಆಗಲೇ.

ಏಕೆಂದರೆ ಕೆಲಸ ಶುರುವಾದ ಮೇಲೆ ದಿನವನ್ನು ಹೇಗೆ ಕಳೆಯಬೇಕೆಂಬ ಚಿಂತೆ ಅವನದಲ್ಲ. ಬೆಳಿಗ್ಗೆ ಲಂಗರಿನವರು, ಅಂದರೆ ಅಡುಗೆ ಮನೆಯವರು, ಎಲ್ಲರಿಗಿಂತ ಮೊದಲು ಎದ್ದು ಚಹಾ ಕಾಯಿಸಿರುತ್ತಾರೆ. ಉಕ್ಕಿನ ಲೋಟ ಹಿಡಿದು ಸಾಲು ನಿಲ್ಲಬೇಕು. ಚಳಿಗಾಲದಲ್ಲಿ ಕೊಳಾಯಿಯಲ್ಲಿ ನೀರು ಬರುವುದಿಲ್ಲ, ಹಲ್ಲುಜ್ಜಲು ಬುಖಾರಿಯ ಮೇಲೆ ಮಂಜು ಕರಗಿಸಬೇಕು. ಬುಖಾರಿ ಎಂದರೆ ಕೋಣೆ ಬೆಚ್ಚಗಿಡುವ ಸೀಮೆಎಣ್ಣೆಯ ತಗಡಿನ ಒಲೆ. ಅದರ ಮಸಿ ಮೂಗಿನೊಳಗೆ, ದಿಂಬಿನ ಮೇಲೆ, ನನ್ನ ರಿಜಿಸ್ಟರಿನ ಅಂಚುಗಳಲ್ಲಿ ಎಲ್ಲೆಲ್ಲೂ ಕೂರುತ್ತದೆ. ಆಮೇಲೆ ಫಾಲ್ ಇನ್. ತಲೆ ಎಣಿಸಿ ಕೆಲಸ ಹಂಚುತ್ತಾರೆ: ಇಷ್ಟು ಜನ ನೀರಿಗೆ, ಇಷ್ಟು ಜನ ಉಗ್ರಾಣಕ್ಕೆ, ಇಷ್ಟು ಜನ ವಾಹನಗಳಿಗೆ. ಆ ಚಳಿಯಲ್ಲಿ ಲಾರಿಯ ಇಂಜಿನನ್ನು ಎಬ್ಬಿಸುವುದೇ ಬೆಳಗಿನ ಅರ್ಧ ಕೆಲಸ. ಹನ್ನೊಂದರ ಹೊತ್ತಿಗೆ ಮತ್ತೆ ಚಹಾ, ಜೊತೆಗೆ ಶಕ್ಕರ್‌ಪಾರೆ. ಸಂಜೆ ರೋಲ್ ಕಾಲ್, ಮರುದಿನದ ಆದೇಶ, ರಾತ್ರಿ ಪಹರೆಯ ಪಾಳಿ. ಭಾನುವಾರ ಮಂದಿರಕ್ಕೂ ಸಾಲಾಗಿಯೇ ಹೋಗಬೇಕು. ಒಬ್ಬ ಸೈನಿಕ ಊಟ ಬಿಟ್ಟರೆ ಅವನ ಜೊತೆಗಾರ ಹೇಳುತ್ತಾನೆ. ಎರಡು ಹೊತ್ತು ಬಿಟ್ಟರೆ ಸುಬೇದಾರ್ ಸಾಬ್ ಬಂದು ‘ಮನೆಯಿಂದ ಕಾಗದ ಬಂದಿತೇ?’ ಎಂದು ಕೇಳುತ್ತಾರೆ. ತಿಂಗಳಿಗೊಮ್ಮೆ ಸೈನಿಕ ಸಮ್ಮೇಳನ ನಡೆಯುತ್ತದೆ, ಕಮಾಂಡಿಂಗ್ ಆಫೀಸರ್ ಎದುರಿಗೇ ಎದ್ದು ನಿಂತು ದೂರು ಹೇಳಬಹುದು. ರಜೆಗೆ ಹೊರಡುವ ಮೊದಲು ಒಂದು ಸಂದರ್ಶನ, ಬಂದ ಮೇಲೆ ಇನ್ನೊಂದು. ‘ಮನೆಯಲ್ಲಿ ಎಲ್ಲ ಸರಿಯಿದೆಯೇ?’ ಎಂಬುದು ಅಲ್ಲಿ ಉಪಚಾರದ ಮಾತಲ್ಲ, ಉತ್ತರವನ್ನು ಬರೆದಿಟ್ಟುಕೊಳ್ಳುತ್ತಾರೆ.

ನಮ್ಮ ವಿಭಾಗದ ಕೆಲಸವನ್ನೇ ನೋಡಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಜೋಜಿ ಲಾ ಕಣಿವೆ ದಾರಿಯನ್ನು ಹಾಯುತ್ತದೆ, ಎತ್ತರ ಸುಮಾರು 11,575 ಅಡಿ. ಹಿಮ ಬಿದ್ದರೆ ದಾರಿ ಮುಚ್ಚಿತು. ನಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು, ಈಗೀಗ ಆ ಅವಧಿ ಬಹಳ ಕಡಿಮೆಯಾಗಿದೆ. ಹಾಗಾಗಿ ಬೇಸಿಗೆಯೆಂದರೆ ನಮಗೆ ಲಾರಿಗಳ ಕಾಲ. ಹಿಟ್ಟು, ಅಕ್ಕಿ, ಬೇಳೆ, ಡಬ್ಬಿಯ ಹಣ್ಣು, ಹಾಲಿನ ಪುಡಿ, ಸೀಮೆಎಣ್ಣೆ, ಔಷಧಿ, ಎಲ್ಲವನ್ನೂ ಚಳಿಗಾಲಕ್ಕೆ ಮೊದಲೇ ಮೇಲಕ್ಕೆ ಸಾಗಿಸಿ ಉಗ್ರಾಣ ತುಂಬಬೇಕು. ಯಾವ ಎತ್ತರದವನಿಗೆ ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಎಂಬುದಕ್ಕೆ ಲಿಖಿತ ಪ್ರಮಾಣವಿದೆ. ಜನವರಿಯ ರಾತ್ರಿ ಒಬ್ಬ ಸಿಪಾಯಿ ಕುಡಿಯುವ ಚಹಾದ ಸಕ್ಕರೆಯನ್ನು ಜೂನ್ ತಿಂಗಳಲ್ಲೇ ಯಾರೋ ಲೆಕ್ಕ ಹಾಕಿ, ಲಾರಿಗೆ ಏರಿಸಿ, ಸಹಿ ಮಾಡಿರುತ್ತಾರೆ. ಆ ಲೆಕ್ಕದ ಹಾಳೆಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ.

ಊಟದ ವಿಷಯ ಬಂದಿತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಷ್ಟು ಎತ್ತರದಲ್ಲಿ ನೀರು 100 ಡಿಗ್ರಿಗೆ ಕಾಯುವ ಮೊದಲೇ, 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುತ್ತಿದೆ ಎಂದು ನಂಬಿ ಕೂತರೆ ಬೇಳೆ ಬೇಯುವುದಿಲ್ಲ, ಪ್ರೆಷರ್ ಕುಕ್ಕರ್ ಬೇಕೇ ಬೇಕು. ನಾನು ಪ್ರತಿ ಸಲ ಊರಿನಿಂದ ರಾಗಿ ಹಿಟ್ಟು ಒಯ್ಯುತ್ತಿದ್ದೆ. ಬಿಹಾರ, ಪಂಜಾಬಿನ ಹುಡುಗರು ಅದರ ಬಣ್ಣ ನೋಡಿ ಮೂಗು ಮುರಿಯುತ್ತಿದ್ದರು. ಒಮ್ಮೆ ಲಂಗರಿಗೆ ಗಢವಾಲದ ಅಡುಗೆಯವನು ಬಂದ. ಚೀಲ ಬಿಚ್ಚಿ ಮೂಸಿ ನೋಡಿ, ‘ಅರೇ, ಇದು ನಮ್ಮ ಮಂಡುವಾ!’ ಎಂದು ಕುಣಿದಾಡಿದ. ಅವರ ಬೆಟ್ಟಗಳಲ್ಲೂ ರಾಗಿ ಬೆಳೆಯುತ್ತಾರೆ, ರೊಟ್ಟಿ ತಟ್ಟಿ ತುಪ್ಪ ಹಚ್ಚಿ ತಿನ್ನುತ್ತಾರೆ. ಮುದ್ದೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೋಲು ಹಿಡಿದು ತಿರುವುವುದನ್ನು ತೋರಿಸಿಕೊಟ್ಟೆ. ಅವನಿಗೆ ಮುದ್ದೆ ಹಿಡಿಸಿತು, ಅಗಿಯದೆ ನುಂಗುವುದು ಹಿಡಿಸಲಿಲ್ಲ. ಇರಲಿ.

ಈಗ ರಜೆಯ ಲೆಕ್ಕ. ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಕೇಳಿದರೆ ನಮ್ಮ ಊರಿನ ಮೇಷ್ಟ್ರುಗಳೂ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಎಲ್ಲರನ್ನೂ ಒಟ್ಟಿಗೆ ಬಿಡಲಾಗುವುದಿಲ್ಲ, ಕೇಳಿದ ದಿನವೇ ಸಿಗುವುದೂ ಇಲ್ಲ. ರಜೆ ಪಟ್ಟಿ ಮಾಡುವವನ ಮೇಜಿನ ಮೇಲೆ ಇಡೀ ದೇಶದ ಪಂಚಾಂಗ ಇರುತ್ತದೆ. ಬಿಹಾರದವರಿಗೆ ಛಠ್, ಮಲಯಾಳಿಗಳಿಗೆ ಓಣಂ, ಬಂಗಾಳಿಗಳಿಗೆ ದುರ್ಗಾಪೂಜೆ. ಪಂಜಾಬಿನವರು ಏಪ್ರಿಲ್‌ನಲ್ಲಿ ಗೋಧಿ ಕಟಾವಿಗೆ ಹೋಗಲೇಬೇಕು, ನಮ್ಮ ಕಡೆಯವರು ಯುಗಾದಿಗಾದರೂ ಬಿಟ್ಟಾರು, ರಾಗಿ ಕೊಯ್ಲಿನ ಹೊತ್ತಿಗೆ ಸುಮ್ಮನಿರಲಾರರು. ಕೊಯ್ಲು ನವೆಂಬರ್ ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ಮೇಲೆ ದಾರಿ ಮುಚ್ಚುವ ಸಮಯ. ದೀಪಾವಳಿ ಎಲ್ಲರಿಗೂ ಬೇಕು, ಹಾಗಾಗಿ ಯಾರಿಗೂ ನ್ಯಾಯವಾಗಿ ಕೊಡಲಾಗದ ಹಬ್ಬ ಅದು. ಪಟ್ಟಿ ಅಂಟಿಸಿದ ಸಂಜೆ ನನ್ನ ಜೊತೆ ಯಾರೂ ಚಹಾ ಕುಡಿಯುತ್ತಿರಲಿಲ್ಲ.

ಪಟ್ಟಿಯಾಚೆಗೆ ರಜೆ ಕೊಡಿಸುತ್ತಿದ್ದದ್ದು ತಂತಿ, ಅಂದರೆ ಟೆಲಿಗ್ರಾಂ. ‘ತಾಯಿ ಸೀರಿಯಸ್, ಕೂಡಲೇ ಹೊರಡು.’ ಇಲ್ಲಿ ಕೂತಿರುವ ಹುಡುಗರು ತಂತಿಯನ್ನು ನೋಡಿರಲಾರರು, 2013ರ ಜುಲೈನಲ್ಲಿ ಆ ಸೇವೆಯೇ ನಿಂತುಹೋಯಿತು. ತಂತಿ ಬಂದರೆ ನಿಜವೋ ಸುಳ್ಳೋ ಎಂದು ವಿಚಾರಿಸಲು ದಾರಿಗಳಿದ್ದವು. ಹೆಣ್ಣು ನೋಡಲು ಬರಲಿ ಎಂದು ತಾಯಿಗೆ ಕಾಯಿಲೆ ಬರಿಸಿದ ತಂದೆಯರೂ ಇದ್ದರು. ನನ್ನ ಅಧಿಕಾರಿಯೊಬ್ಬರು ಸುಳ್ಳೆಂದು ಅನುಮಾನವಿದ್ದರೂ ಸಹಿ ಹಾಕುತ್ತಿದ್ದರು. ಸುಳ್ಳಾಗಿದ್ದರೆ ಹುಡುಗ ಒಂದು ಹೆಣ್ಣು ನೋಡಿ ಬರುತ್ತಾನೆ, ನಿಜವಾಗಿದ್ದರೆ ನಾನು ತಡೆದ ಪಾಪ ಯಾರು ಹೊರುತ್ತಾರೆ ಎನ್ನುತ್ತಿದ್ದರು. ನಿಜವಾದ ತಂತಿಗೂ ದಾರಿ ಉದ್ದವಿರುತ್ತಿತ್ತು. ವಿಮಾನಕ್ಕೆ ಹವೆ ಕೂಡಿಬರಬೇಕು, ದೆಹಲಿಗೆ ಬರಬೇಕು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಗೌರಿಬಿದನೂರಿನವರು ಹಿಂದೂಪುರದಲ್ಲಿ ಇಳಿದು ಬಸ್ಸು ಹಿಡಿಯುತ್ತಿದ್ದೆವು. ತಂದೆಯ ಚಿತೆಗೆ ಬೆಂಕಿ ಇಡಲು ತಲುಪಿದವರನ್ನು ಕಂಡದ್ದು ಕಡಿಮೆ. ಹನ್ನೊಂದನೆಯ ದಿನದ ತಿಥಿಗೆ ತಲುಪಿದರೆ ಪುಣ್ಯವಂತ ಎಂದುಕೊಳ್ಳುತ್ತಿದ್ದೆವು.

ಕಾಗದದ ವಿಷಯ. ಫೀಲ್ಡಿನಲ್ಲಿರುವ ಸೈನಿಕನ ವಿಳಾಸದಲ್ಲಿ ಊರಿರುವುದಿಲ್ಲ. ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಗೆ ‘ಕೇರಾಫ್ 56 ಎಪಿಓ’. ಎಪಿಓ ಎಂದರೆ ಆರ್ಮಿ ಪೋಸ್ಟ್ ಆಫೀಸ್, ಸೈನ್ಯದ ಅಂಚೆ ಕಚೇರಿ. ಪೂರ್ವದ ಕಡೆ ಇದ್ದರೆ 99 ಎಪಿಓ. ಆಯಾ ಕಡೆಯೊಳಗೆ ಘಟಕ ಎಲ್ಲಿಗೆ ಹೋದರೂ ವಿಳಾಸ ಬದಲಾಗುವುದಿಲ್ಲ, ಲಕೋಟೆ ನೋಡಿದವರಿಗೆ ಸೈನಿಕ ಎಲ್ಲಿದ್ದಾನೆಂದು ತಿಳಿಯುವುದೂ ಇಲ್ಲ. ಸೈನ್ಯದ ಅಂಚೆ ವಿಭಾಗವೇ ಅದನ್ನು ವಿಂಗಡಿಸಿ ಹಿಂದೆ ಹಿಂದೆಯೇ ಕಳುಹಿಸುತ್ತದೆ. ಅದು 1972ರಲ್ಲಿ ಪ್ರತ್ಯೇಕ ಕೋರ್ ಆಯಿತು. ವ್ಯವಸ್ಥೆ ಅಚ್ಚುಕಟ್ಟು, ಒಪ್ಪುತ್ತೇನೆ. ಆದರೆ ನಮ್ಮ ಹೋಬಳಿಯ ಒಂದು ಶಾಲೆಯಲ್ಲಿ ತಂದೆಯ ವಿಳಾಸ ಎಂಬ ಕಾಲಂಗೆ ಇದನ್ನು ಬರೆದುಕೊಟ್ಟರೆ, ‘56 ಎಪಿಓ ಯಾವ ತಾಲ್ಲೂಕಿಗೆ ಬರುತ್ತದಮ್ಮಾ?’ ಎಂದು ನನ್ನ ಹೆಂಡತಿಯನ್ನು ಕೇಳಿದ್ದರು. ಅವಳು ಮರುಯೋಚನೆ ಮಾಡದೆ ‘ಮಂಚೇನಹಳ್ಳಿ ಪಕ್ಕ’ ಎಂದು ಹೇಳಿ ಅರ್ಜಿ ಕೊಟ್ಟು ಬಂದಳು. ಅರ್ಜಿ ಸ್ವೀಕಾರವಾಯಿತು.

ಕಾಗದ ಬರಲು ಎಂಟು ಹತ್ತು ದಿನ ಹಿಡಿಯುತ್ತಿತ್ತು. ಆಗ ಅದನ್ನು ಬೈದುಕೊಳ್ಳುತ್ತಿದ್ದೆವು. ಈಗ ಯೋಚಿಸಿದರೆ ಆ ತಡಕ್ಕೂ ಒಂದು ಉಪಯೋಗವಿತ್ತು ಎನ್ನಿಸುತ್ತದೆ. ಮಗುವಿಗೆ ಜ್ವರ ಎಂಬ ಕಾಗದ ಕೈಗೆ ಬರುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು. ಅತ್ತೆ ಸೊಸೆಯ ಜಗಳದ ಎರಡು ಕಾಗದಗಳು ಒಂದೇ ದಿನ ಬಂದರೆ ಎರಡನ್ನೂ ಓದಿ ನಗಬಹುದಿತ್ತು, ಏಕೆಂದರೆ ಅಷ್ಟರಲ್ಲಿ ಅವರಿಬ್ಬರೂ ಸೇರಿ ಹಪ್ಪಳ ಒತ್ತುತ್ತಿದ್ದರು. ಜಮ್ಮು ಕಾಶ್ಮೀರಕ್ಕೆ ಮೊಬೈಲ್ ಸೇವೆ ಕಾಲಿಟ್ಟದ್ದು 2003ರಲ್ಲಿ, ದೇಶದ ಉಳಿದ ಭಾಗಗಳಿಗಿಂತ ತಡವಾಗಿ. ಇಂದಿಗೂ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು ಅಥವಾ ಅಲ್ಲಿನದನ್ನೇ ಕೊಳ್ಳಬೇಕು. ಮೊಬೈಲ್ ಬಂದ ಮೇಲೆ ಜ್ವರ ಬಿಸಿಬಿಸಿಯಾಗಿಯೇ ಬರತೊಡಗಿತು. ಮೋಟಾರ್ ಸುಟ್ಟುಹೋಯಿತು, ಹಸು ಕರು ಹಾಕಲು ಒದ್ದಾಡುತ್ತಿದೆ, ಮಾವನವರು ಬಿದ್ದರು, ಎಲ್ಲವೂ ನಡೆಯುತ್ತಿರುವಾಗಲೇ ಕಿವಿಗೆ ಬೀಳುತ್ತದೆ. ಅಲ್ಲಿಂದ ಮಾಡಲು ಸಾಧ್ಯವಿರುವುದು ಒಂದೇ, ಇನ್ನೊಬ್ಬರಿಗೆ ಫೋನ್ ಮಾಡುವುದು. ಆಮೇಲೆ ಎರಡು ಗಂಟೆ ಪಹರೆಗೆ ನಿಲ್ಲಬೇಕು. ಮುಖ ನೋಡಿ ಮಾತನಾಡುವ ವೀಡಿಯೊ ಕರೆಯಿಂದ ಒಳ್ಳೆಯದೂ ಆಗಿದೆ, ಚಿಕ್ಕ ಮಕ್ಕಳು ತಂದೆಯನ್ನು ಗುರುತು ಹಿಡಿಯುತ್ತಾರೆ. ಆದರೆ ಭದ್ರತೆಯ ಕಾರಣಕ್ಕೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಸೈನ್ಯ ತನ್ನವರಿಗೆ ಹೇಳಿತು. ಮನೆಯವರು ಇದನ್ನು ತಿಳಿದುಕೊಂಡಿರಬೇಕು. ಮಗ ತಿರುಗಿ ಉತ್ತರಿಸಲಿಲ್ಲವೆಂದರೆ ಸೊಸೆ ಏನೋ ಹೇಳಿಕೊಟ್ಟಿದ್ದಾಳೆ ಎಂದಲ್ಲ.

ಇನ್ನು ಮನೆಯ ಕಡೆ ಬರೋಣ. ನಾನು ಬಂದದ್ದೇ ಇದನ್ನು ಹೇಳಲು.

ನಮ್ಮ ತಾಲ್ಲೂಕಿನ ಒಂದು ಸೈನಿಕನ ಮನೆ ಎಂದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಡೈರಿಗೆ ಹಾಲು ಹಾಕಬೇಕು. ಅದಕ್ಕೆ ಮೊದಲು ಸಗಣಿ ಬಾಚಿ ಹಾಲು ಕರೆದಿರಬೇಕು. ತ್ರೀ ಫೇಸ್ ಕರೆಂಟ್ ಈ ವಾರ ರಾತ್ರಿ ಪಾಳಿ, ಹಾಗಾಗಿ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿ ಮಲಗಿದಾಗ ಎಷ್ಟೋ ಹೊತ್ತಾಗಿತ್ತು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿದೆ, ಇನ್ನೊಂದು ವಾರ ಅದರ ಹಸಿವಿಗೆ ಹೊತ್ತುಗೊತ್ತಿಲ್ಲ. ಮಾವನಿಗೆ ಬಿಪಿ ಮಾತ್ರೆ ತೀರಿದೆ. ಮಗಳ ಶಾಲೆಯಲ್ಲಿ ಜಾತಿ ಪ್ರಮಾಣಪತ್ರ ಕೇಳಿದ್ದಾರೆ. ಪಕ್ಕದ ಹೊಲದವನು ಈ ಸಲ ಉಳುವಾಗ ಬದುವನ್ನು ಒಂದು ಸಾಲು ಇತ್ತ ತಳ್ಳಿದ್ದಾನೆ. ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕು, ಹರಾಜಿನ ಗದ್ದಲದಲ್ಲಿ ಹೆಂಗಸೊಬ್ಬಳು ನಿಲ್ಲಬೇಕೆಂದರೆ ಮೈದುನನನ್ನು ಬೇಡಿ ಕರೆದೊಯ್ಯಬೇಕು. ಮೈದುನನಿಗೆ ಅವನದೇ ಕೆಲಸ.

ಈ ಹೆಣ್ಣುಮಗಳು ಎರಡು ಹೊತ್ತು ಊಟ ಬಿಟ್ಟರೆ ಕೇಳಲು ಯಾವ ಸುಬೇದಾರ್ ಸಾಬ್ ಇದ್ದಾರೆ? ಅವಳ ಚಳಿಗಾಲವನ್ನು ಜೂನ್‌ನಲ್ಲಿ ಯಾರು ಲೆಕ್ಕ ಹಾಕಿದ್ದಾರೆ? ದೂರ ಇರುವವನು ಗಂಡ ಎಂದು ನಾವೆಲ್ಲ ಹೇಳುತ್ತೇವೆ. ಅವನ ಸುತ್ತ ನೂರಾರು ಜನರಿದ್ದಾರೆ, ಎಲ್ಲರೂ ಅವನಂತೆಯೇ ಮನೆ ಬಿಟ್ಟು ಬಂದವರು, ಒಬ್ಬನ ಸಂಕಟ ಇನ್ನೊಬ್ಬನಿಗೆ ಹೇಳದೆಯೇ ತಿಳಿಯುತ್ತದೆ. ತನ್ನ ಸ್ಥಿತಿಯಲ್ಲಿರುವ ಇನ್ನೊಬ್ಬಳು ಇವಳಿಗೆ ಊರಿನಲ್ಲಿ ಸಿಗುವುದೇ ಅಪರೂಪ. ಸಿಗುವುದು ‘ನಿಮಗೇನಮ್ಮಾ, ಮಿಲಿಟರಿ ಸಂಬಳ, ಕ್ಯಾಂಟೀನ್ ಸಾಮಾನು’ ಎನ್ನುವವರು. ಕಷ್ಟದ ಪೋಸ್ಟಿಂಗ್ ಯಾರದು ಎಂದು ರಜೆ ಪಟ್ಟಿ ಮಾಡಿದವನನ್ನು ಕೇಳಿದರೆ ಅವನು ಲೇಹ್ ಎನ್ನುವುದಿಲ್ಲ.

ಸೈನ್ಯಕ್ಕೆ ಇದು ತಿಳಿದಿಲ್ಲವೆಂದಲ್ಲ. 1966ರಿಂದ ಸೈನಿಕರ ಪತ್ನಿಯರ ಕಲ್ಯಾಣ ಸಂಘ ಇದೆ, ಆದರೆ ಅದರ ಕೈ ಹೆಚ್ಚಾಗಿ ದಂಡು ಪ್ರದೇಶದೊಳಗೇ ಆಡುತ್ತದೆ. ಫೀಲ್ಡಿಗೆ ಹೋದವರ ಕುಟುಂಬಗಳಿಗೆಂದು ಕೆಲವು ನಗರಗಳಲ್ಲಿ ಬೇರೆ ಕ್ವಾರ್ಟರ್ಸ್ ಇವೆ, ಬೆಂಗಳೂರಿನಲ್ಲೂ ಇವೆ. ಸರದಿ ಕಾಯಬೇಕು. ಸರದಿ ಬಂದರೂ ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಜನ ಹೋಗುತ್ತಾರೆ? ಹಸು ಯಾರು ಕಟ್ಟುತ್ತಾರೆ, ಅತ್ತೆಗೆ ಬಿಸಿನೀರು ಯಾರು ಕಾಯಿಸುತ್ತಾರೆ?

ಜಮೀನಿನ ತಕರಾರಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಮೇಜಿಗೆ ಬಂದ ಮನೆ ಸಂಕಟಗಳಲ್ಲಿ ಇದು ಎಲ್ಲ ರಾಜ್ಯದವರಿಗೂ ಸಾಮಾನ್ಯ. ಬ್ರಿಟಿಷರ ಕಾಲದ್ದೊಂದು ಕಾಯ್ದೆ ಇದೆ, 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧದ ಅಥವಾ ವಿಶೇಷ ಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಸಿವಿಲ್ ಮೊಕದ್ದಮೆಗೆ ಹಾಜರಾಗಲು ಆಗದಿದ್ದರೆ, ನಿಗದಿತ ಅಧಿಕಾರಿಯ ಪ್ರಮಾಣಪತ್ರ ಸಲ್ಲಿಸಿ ಮೊಕದ್ದಮೆಯನ್ನು ತಡೆಹಿಡಿಸಬಹುದು. ಅವನ ಬೆನ್ನ ಹಿಂದೆ ಏಕಪಕ್ಷೀಯ ತೀರ್ಪು ಆಗಬಾರದೆಂಬುದು ಉದ್ದೇಶ. ಇಂಥದ್ದೊಂದು ಇದೆ ಎಂಬುದೇ ಊರಿನಲ್ಲಿ ಎಷ್ಟೋ ಸೈನಿಕರ ಮನೆಗಳಿಗೆ ಗೊತ್ತಿಲ್ಲ. ಆದರೆ ಕಾಯ್ದೆ ತಡೆಯುವುದು ನ್ಯಾಯಾಲಯವನ್ನು, ಪಕ್ಕದ ಹೊಲದವನ ಟ್ರ್ಯಾಕ್ಟರನ್ನಲ್ಲ. ಬದು ಒತ್ತಿದರೆ, ಕಲ್ಲು ಕಿತ್ತರೆ, ಕಮಾಂಡಿಂಗ್ ಆಫೀಸರ್ ಜಿಲ್ಲಾಧಿಕಾರಿಗೆ ಪತ್ರ ಬರೆಯುತ್ತಾರೆ. ಅಂಥ ಪತ್ರಗಳನ್ನು ನಾನೇ ಟೈಪ್ ಮಾಡಿದ್ದೇನೆ. ಕೆಲವು ಜಿಲ್ಲೆಗಳಿಂದ ಸರ್ವೆ ಮಾಡಿಸಿ ಕಲ್ಲು ನೆಡಿಸಿದ ವರದಿ ಬರುತ್ತಿತ್ತು. ಕೆಲವು ಜಿಲ್ಲೆಗಳಿಂದ ‘ಮುಂದಿನ ಕ್ರಮಕ್ಕಾಗಿ ತಹಶೀಲ್ದಾರರಿಗೆ ಕಳುಹಿಸಲಾಗಿದೆ’ ಎಂಬ ಒಂದು ಸಾಲು ಬರುತ್ತಿತ್ತು, ಅಷ್ಟರಲ್ಲಿ ಆ ಸಿಪಾಯಿ ಬೇರೆ ಕಡೆಗೆ ವರ್ಗವಾಗಿರುತ್ತಿದ್ದ. ಯಾವ ಜಿಲ್ಲೆ ಹೇಗೆ ಎಂದು ಕೇಳಬೇಡಿ, ವೇದಿಕೆ ಮೇಲೆ ಅಧಿಕಾರಿಗಳಿದ್ದಾರೆ.

ರಜೆಗೆ ಬಂದ ಸೈನಿಕನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೊದಲ ವಾರ ಅವನು ನೆಂಟ. ಕೋಳಿ ಕೊಯ್ಯುತ್ತಾರೆ, ಪಕ್ಕದ ಮನೆಯವರು ಬಂದು ಕೂರುತ್ತಾರೆ. ಎರಡನೇ ವಾರದ ಹೊತ್ತಿಗೆ ಅವನ ಕಣ್ಣು ಮನೆಯ ವ್ಯವಸ್ಥೆಯ ಮೇಲೆ ಬೀಳುತ್ತದೆ. ಈ ಹಗ್ಗ ಇಲ್ಲೇಕೆ, ಆ ಲೆಕ್ಕದ ಪುಸ್ತಕ ಎಲ್ಲಿ, ಮಕ್ಕಳು ಐದಕ್ಕೆ ಏಕೆ ಏಳುವುದಿಲ್ಲ? ಹತ್ತು ತಿಂಗಳು ಒಬ್ಬಳೇ ನಡೆಸಿದ ಮನೆಯನ್ನು ಅವನು ಇನ್ಸ್‌ಪೆಕ್ಷನ್ ಮಾಡಲು ಶುರು ಮಾಡುತ್ತಾನೆ. ಬೈಯುವ ಮೊದಲು ನೆನಪಿಡಿ: ತನಗೆ ಆಧಾರವಾದ ಕ್ರಮ ಇಲ್ಲಿಯೂ ಇದ್ದರೆ ಇವರಿಗೂ ಆಧಾರವಾದೀತು ಎಂದು ಅವನು ನಿಜವಾಗಿಯೂ ನಂಬಿರುತ್ತಾನೆ. ಅಲ್ಲಿ ಆ ಕ್ರಮದ ಹಿಂದೆ ಅಡುಗೆಯವನು, ಲಾರಿ ಚಾಲಕ, ವೈದ್ಯ, ಗುಮಾಸ್ತ ಎಲ್ಲ ಇದ್ದಾರೆ, ಇಲ್ಲಿ ಅವಳೊಬ್ಬಳೇ ಇದ್ದಾಳೆ ಎಂಬುದು ಹೊಳೆಯುವ ಹೊತ್ತಿಗೆ ರಜೆ ಮುಗಿದಿರುತ್ತದೆ. ಹೊರಡುವ ದಿನ ಬೆಂಗಳೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಆ ರೈಲು ಇದೇ ಗೌರಿಬಿದನೂರಿನ ಮೇಲೆ ಹಾದು ಉತ್ತರಕ್ಕೆ ಹೋಗುತ್ತದೆ. ಬೆಳಿಗ್ಗೆ ಬೀಳ್ಕೊಟ್ಟ ಊರನ್ನು ರಾತ್ರಿ ಕಿಟಕಿಯಿಂದ ಮತ್ತೊಮ್ಮೆ ದಾಟಬೇಕು. ರೈಲ್ವೆಯವರಿಗೆ ಇದರಲ್ಲಿ ದುರುದ್ದೇಶವೇನೂ ಇರಲಾರದು.

ಇಲ್ಲಿರುವ ಹುಡುಗರಲ್ಲಿ ಹಲವರು ಅಗ್ನಿವೀರ್ ನೇಮಕಾತಿಗೆ ಬೆಳಿಗ್ಗೆ ಓಡುತ್ತಿದ್ದೀರಿ, ಕಂಡಿದ್ದೇನೆ. 2022ರ ಜೂನ್‌ನಲ್ಲಿ ಘೋಷಣೆಯಾದ ಯೋಜನೆ. ನಾಲ್ಕು ವರ್ಷದ ಸೇವೆ, ಆಮೇಲೆ ಶೇಕಡಾ 25ರಷ್ಟು ಮಂದಿಯವರೆಗೆ ಮುಂದುವರಿಸುತ್ತಾರೆ. ಸಂಬಳದ ಪಟ್ಟಿ ನಿಮಗೆ ಬಾಯಿಪಾಠವಾಗಿದೆ. ರಜೆಯ ಸಾಲನ್ನು ಓದಿದ್ದೀರಾ? ವರ್ಷಕ್ಕೆ 30 ದಿನ. ನಾನು ಹೇಳಿದ 60 ಮತ್ತು 30 ಅಲ್ಲ. ಲೇಹ್‌ನಿಂದ ಹೋಗಿ ಬರುವ ದಾರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಅಮ್ಮನಿಗೂ ತೋರಿಸಿ. ಹೋಗಬೇಡಿ ಎನ್ನುತ್ತಿಲ್ಲ, ಲೆಕ್ಕ ತಿಳಿದು ಹೋಗಿ ಎನ್ನುತ್ತಿದ್ದೇನೆ. ಹುಡುಗಿಯರೂ ಇದ್ದೀರಿ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಅವರ ಮನೆಗಳಲ್ಲಿ ರಾಗಿ ಹಿಟ್ಟು ಕಟ್ಟಿ ಕೊಡುವುದೂ ರಾತ್ರಿ ಪಾಳಿಯ ಕರೆಂಟ್ ಕಾಯುವುದೂ ಗಂಡನ ಪಾಲಿಗೆ ಬರುತ್ತದೆ. ಅದನ್ನು ನೋಡುವ ಆಸೆ ನನಗಿದೆ.

ಪ್ರಶ್ನೆ ಕೇಳುವ ಸಮಯದಲ್ಲಿ ಒಬ್ಬ ತಾಯಿ, ‘ಮಗ ಸೇರಿ ಎರಡು ವರ್ಷವಾಯಿತು, ಹೋದ ವರ್ಷ ಮದುವೆಯೂ ಆಯಿತು, ನಾವು ಇಲ್ಲಿಂದ ಮಾಡಬೇಕಾದದ್ದು ಏನಾದರೂ ಇದೆಯೇ ಸ್ವಾಮಿ?’ ಎಂದು ಕೇಳಿದರು. ಆ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಇದೆ ತಾಯಿ. ಮದುವೆಯಾದದ್ದು ದೇವರಿಗೂ ಊರಿಗೂ ಗೊತ್ತಿದ್ದರೆ ಸಾಲದು, ಪಾರ್ಟ್ ಟು ಆರ್ಡರ್ ಆಗಿರಬೇಕು. ಮದುವೆ, ಮಗು ಹುಟ್ಟಿದ್ದು, ಎಲ್ಲವೂ ಘಟಕದ ಆದೇಶದಲ್ಲಿ ಪ್ರಕಟವಾಗಿ ರೆಕಾರ್ಡ್ಸ್ ಕಚೇರಿಯ ದಾಖಲೆ ಸೇರಿದರೆ ಮಾತ್ರ ಸೈನ್ಯದ ಮಟ್ಟಿಗೆ ನಿಮ್ಮ ಸೊಸೆ ಅವನ ಹೆಂಡತಿ. ವೈದ್ಯಕೀಯ ಸೌಲಭ್ಯ, ನಾಳೆ ಪಿಂಚಣಿ, ಎಲ್ಲವೂ ಆ ಸಾಲಿನ ಮೇಲೆ ನಿಂತಿದೆ. ಹೆಸರಿನ ಅಕ್ಷರಗಳನ್ನು ನೋಡಿ. ಶಾಲೆಯ ಟಿ.ಸಿ.ಯಲ್ಲಿ ಲಕ್ಷ್ಮೀದೇವಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಿ, ಸೇವಾ ದಾಖಲೆಯಲ್ಲಿ ಬರೀ ಲಕ್ಷ್ಮೀ ಎಂದಿದ್ದರೆ, ಇವರು ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ಮುಪ್ಪಿನಲ್ಲಿ ಕಚೇರಿ ಅಲೆಯಬೇಕಾಗುತ್ತದೆ. ಹುಟ್ಟಿದ ತಾರೀಖಿನದೂ ಇದೇ ಕಥೆ. ಅವನು ಸೇವೆಯಲ್ಲಿರುವಾಗ ಇದನ್ನು ಸರಿಪಡಿಸುವುದು ಸುಲಭ, ನನ್ನಂಥ ಗುಮಾಸ್ತ ಪಕ್ಕದ ಕೋಣೆಯಲ್ಲೇ ಕೂತಿರುತ್ತಾನೆ. ಅವನ ಸೇನಾ ಸಂಖ್ಯೆ, ಘಟಕದ ಹೆಸರು, ರೆಕಾರ್ಡ್ಸ್ ಕಚೇರಿಯ ವಿಳಾಸವನ್ನು ಸೊಸೆಯ ಕೈಯಲ್ಲೇ ಬರೆಸಿಡಿ, ನಿಮ್ಮ ಟ್ರಂಕಿನೊಳಗೆ ಬೇಡ. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿರಲಿ. ನಾಮನಿರ್ದೇಶನದಲ್ಲಿ ಯಾರ ಹೆಸರಿದೆ ಎಂದು ಮಗನನ್ನು ಕೇಳಿ. ಮದುವೆಗೆ ಮೊದಲು ನಿಮ್ಮ ಹೆಸರು ಬರೆದಿದ್ದರೆ ಈಗ ಸೊಸೆಗೂ ಪಾಲು ಸೇರಿಸಲು ಹೇಳಬೇಕಾದವರು ನೀವೇ. ಅವನಾಗಿಯೇ ಕೇಳಲು ಸಂಕೋಚಪಡುತ್ತಾನೆ.

ಹೊರಗೆ ಚಹಾ ಇಟ್ಟಿದ್ದಾರಂತೆ. ಕಾಗದಪತ್ರದ ನಕಲು ತಂದವರು ನನ್ನ ಬಳಿ ಬನ್ನಿ, ಕನ್ನಡಕ ಇಲ್ಲೇ ಇದೆ. ಸೊಸೆಯನ್ನು ಜೊತೆಗೆ ಕರೆತಂದವರದ್ದನ್ನು ಮೊದಲು ನೋಡುತ್ತೇನೆ.